ಹಳೆಯ ಬಾಗಿಲಿಗೆ ಬೆಲ್ಟ್ ಸ್ಯಾಂಡರ್: ಕೈ, ಕಣ್ಣು, ಉಸಿರು ಕಾಪಾಡಿಕೊಂಡು ಉಜ್ಜುವ ಬಗೆ

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಹತ್ತಿರ ಬಂತೆಂದರೆ ದಾವಣಗೆರೆಯ ಹಳೆಯ ಬಡಾವಣೆಗಳಲ್ಲಿ ಸುಣ್ಣಬಣ್ಣದ ಕೆಲಸ ಶುರುವಾಗುತ್ತದೆ. ಗೋಡೆ ಬೆಳ್ಳಗಾದ ಮೇಲೆ ಮುಂಬಾಗಿಲು ಇನ್ನಷ್ಟು ಹಳತಾಗಿ ಕಾಣುತ್ತದೆ. ಚಿತ್ರದುರ್ಗದ ಕೋಟೆಯ ಮಗ್ಗುಲಿನ ಹಳೆಯ ಮನೆಗಳಲ್ಲೂ ಇದೇ ಕಥೆ: ತಾತನ ಕಾಲದ ಸಾಗುವಾನಿ ಕದ, ಅದರ ಮೇಲೆ ಒಂದರ ಮೇಲೊಂದು ಬಳಿದ ಬಣ್ಣ, ಒಳಗೆ ಮಾತ್ರ ಇನ್ನೂ ಗಟ್ಟಿಯಾದ ಮರ. ಇಂಥ ಮರವನ್ನು ಬಿಸಾಡಿ ಫ್ಲಶ್ ಡೋರ್ ತಂದು ನಿಲ್ಲಿಸುವುದಕ್ಕಿಂತ ಉಜ್ಜಿ ಪಾಲಿಶ್ ಮಾಡಿಸುವುದು ಎಷ್ಟೋ ಮೇಲು. ಹಾಗೆಂದೇ ಈಗ ಮನೆಯವರೇ ಬೆಲ್ಟ್ ಸ್ಯಾಂಡರ್ (ಉಜ್ಜುಕಾಗದದ ಪಟ್ಟಿಯನ್ನು ಸುತ್ತಿಸಿ ಮರ ನಯ ಮಾಡುವ ಕೈಯಂತ್ರ) ಕೊಂಡು ತಂದೋ ಬಾಡಿಗೆಗೆ ಪಡೆದೋ ಕೆಲಸಕ್ಕೆ ಇಳಿಯುತ್ತಿದ್ದಾರೆ. ಅವರಿಗಾಗಿ ಮತ್ತು ಹೊಸದಾಗಿ ಮರಗೆಲಸ ಕಲಿಯುತ್ತಿರುವ ಹುಡುಗರಿಗಾಗಿ ಈ ಬರಹ.

ಗರಗಸ ಕಂಡರೆ ಯಾರಿಗಾದರೂ ಭಯ ಇರುತ್ತದೆ, ಹಲ್ಲು ಕಣ್ಣಿಗೆ ಕಾಣುತ್ತದಲ್ಲ. ಬೆಲ್ಟ್ ಸ್ಯಾಂಡರ್‌ಗೆ ಹಲ್ಲೂ ಇಲ್ಲ, ಅಲಗೂ ಇಲ್ಲ. ‘ಉಜ್ಜುವ ಕಾಗದ ತಾನೇ’ ಎಂಬ ಸಸಾರ ಹುಟ್ಟುವುದು ಅಲ್ಲಿಯೇ. ಅದಕ್ಕೆ ಬೇಕಾದ ಎಚ್ಚರವೆಲ್ಲ ಸ್ವಿಚ್ ಒತ್ತುವ ಮೊದಲೇ ಮುಗಿದಿರಬೇಕು. ಬೆಲ್ಟ್ ತಿರುಗಲು ಶುರುವಾದ ಮೇಲೆ ಯೋಚಿಸಲು ಸಮಯ ಸಿಗುವುದಿಲ್ಲ.

ಯಂತ್ರ ಯಾವ ಕಡೆ ಎಳೆಯುತ್ತದೆ ಎಂದು ತಿಳಿದುಕೊಳ್ಳಿ

ಮನೆಗೆಲಸಕ್ಕೆ ಒಪ್ಪುವ ಸ್ಯಾಂಡರ್‌ನಲ್ಲಿ ಬೆಲ್ಟ್ 3 ಇಂಚು ಅಗಲ, 21 ಇಂಚು ಉದ್ದ ಇರುತ್ತದೆ (75 × 533 ಮಿ.ಮೀ.). 4 ಇಂಚು ಅಗಲ, 24 ಇಂಚು ಉದ್ದದ್ದೂ ಉಂಟು. ಅದು ಭಾರ ಹೆಚ್ಚು, ಪಳಗಿದ ಕೈಗೆ ಸರಿ. ಎರಡು ಉರುಳೆಗಳ ಸುತ್ತ ಬೆಲ್ಟ್ ಓಡುತ್ತದೆ. ಹಿಂದಿನ ಉರುಳೆಗೆ ರಬ್ಬರ್ ಹೊದಿಕೆ ಇದ್ದು ಮೋಟಾರು ಅದನ್ನು ತಿರುಗಿಸುತ್ತದೆ, ಮುಂದಿನದು ಬೆಲ್ಟನ್ನು ಬಿಗಿಯಾಗಿ ಹಿಡಿದಿರುತ್ತದೆ. ನಡುವೆ ಒಂದು ಚಪ್ಪಟೆ ತಗಡು. ಮರಕ್ಕೆ ಬೆಲ್ಟನ್ನು ಒತ್ತುವುದು ಆ ತಗಡೇ.

ಬೆಲ್ಟ್ ನಿಮಿಷಕ್ಕೆ 300 ಮೀಟರ್ ವೇಗದಲ್ಲಿ ಓಡಿದರೆ ಸೆಕೆಂಡಿಗೆ 5 ಮೀಟರ್ ಆಯಿತು. ಅಂದರೆ 21 ಇಂಚಿನ ಬೆಲ್ಟ್ ಒಂದೇ ಸೆಕೆಂಡಿನಲ್ಲಿ ಒಂಬತ್ತು ಸುತ್ತಿಗೂ ಹೆಚ್ಚು ತಿರುಗುತ್ತದೆ. ಬೆರಳು ತಾಗಿದರೆ ‘ಅಯ್ಯೋ’ ಎನ್ನುವಷ್ಟರಲ್ಲಿ ಚರ್ಮ ಹೋಗಿ ಮಾಂಸ ಕಂಡಿರುತ್ತದೆ.

ಇನ್ನು ಎಳೆತದ ವಿಷಯ. ಯಂತ್ರದ ತಳದಲ್ಲಿ ಬೆಲ್ಟ್ ಮುಂದಿನಿಂದ ಹಿಂದಕ್ಕೆ, ಅಂದರೆ ನಿಮ್ಮ ಕಡೆಗೆ ಓಡುತ್ತದೆ. ಆದ್ದರಿಂದ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಯಂತ್ರ ನಿಮ್ಮ ಕೈ ಬಿಡಿಸಿಕೊಂಡು ಮುಂದಕ್ಕೆ ಓಡಲು ನೋಡುತ್ತದೆ. ಕೆಳಗಿರುವ ಹಲಗೆ ನಿಮ್ಮ ಹೊಟ್ಟೆಯ ಕಡೆಗೆ ಜಾರಿ ಬರುತ್ತದೆ. ನೇಗಿಲಿಗೆ ಕಟ್ಟಿದ ಎತ್ತಿನ ಹಾಗೆ ಅದು ತಾನಾಗಿಯೇ ಮುಂದೆ ಹೋಗುತ್ತದೆ. ನೀವು ತಳ್ಳಬೇಕಿಲ್ಲ, ದಾರಿ ತಪ್ಪದಂತೆ ಹಿಡಿದುಕೊಂಡರೆ ಸಾಕು. ಮುಂದೆ ಬರುವ ಬಹುತೇಕ ಸೂಚನೆಗಳಿಗೆ ಕಾರಣ ಈ ಎಳೆತವೇ.

ಎಲ್ಲಿ ಬಳಸಬಾರದು

ಪ್ಲೈವುಡ್, ವೆನೀರ್ ಅಂಟಿಸಿದ ಬಾಗಿಲು, ಮೇಜು ಇವುಗಳ ಮೇಲೆ ಬೇಡ. ಮೇಲಿನ ಸಾಗುವಾನಿ ಪದರ ಒಂದು ಮಿಲಿಮೀಟರಿನಷ್ಟೂ ದಪ್ಪ ಇರುವುದಿಲ್ಲ, ಒಂದೇ ಎಳೆತಕ್ಕೆ ಒಳಗಿನ ಬೇರೆ ಮರ ಹೊರಗೆ ಬರುತ್ತದೆ. ಕೆತ್ತನೆಯ ಮೇಲೆ, ದಾರಂದದ ಹೂಬಳ್ಳಿಯ ಮೇಲೆ ಬೇಡ, ಅಲ್ಲಿ ಕೈಯಿಂದಲೇ ಉಜ್ಜಬೇಕು. ಗೋಡೆಯಲ್ಲಿ ನಿಂತಿರುವ ದಾರಂದದ ಮೇಲುಪಟ್ಟಿಯನ್ನು ಏಣಿ ಹತ್ತಿ ಈ ಯಂತ್ರದಿಂದ ಉಜ್ಜುವುದು ಸಲ್ಲದು. ಮೂರ್ನಾಲ್ಕು ಕಿಲೋ ತೂಗುವ, ಮುಂದಕ್ಕೆ ಎಳೆಯುವ ಯಂತ್ರವನ್ನು ಭುಜಕ್ಕಿಂತ ಮೇಲೆ ಹಿಡಿದು ಏಣಿಯ ಮೇಲೆ ನಿಲ್ಲುವುದು ಅನುಭವಿ ಬಡಗಿಯೂ ಮಾಡಬಾರದ ಕೆಲಸ. ಕಡಪಕಲ್ಲು, ಗ್ರಾನೈಟ್ ಅಂಚು ನಯ ಮಾಡಲು ಇದನ್ನು ಬಳಸುವುದೂ ತಪ್ಪು. ಕಲ್ಲಿನ ಒಣ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುತ್ತದೆ.

ಮೊದಲ ಹೆಜ್ಜೆ: ಬಾಗಿಲಿನ ಬಣ್ಣವನ್ನು ನೋಡಿ

ಇದನ್ನು ಯಾರೂ ಹೇಳುವುದಿಲ್ಲ, ನಾನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಬಳಿದ ಹಸಿರು, ಹಳದಿ, ಕೆಂಪು ಬಣ್ಣವಿದ್ದರೆ ಸೀಸ ಇದೆ ಎಂದೇ ತಿಳಿದು ನಡೆದುಕೊಳ್ಳಿ. ಬೆಲ್ಟ್ ಸ್ಯಾಂಡರ್ ಅದನ್ನು ಹಿಟ್ಟಿನಷ್ಟು ನುಣುಪಾಗಿಸಿ ಮನೆಯಿಡೀ ಹರಡುತ್ತದೆ. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ, ಹೊಟ್ಟೆಯಲ್ಲಿರುವ ಕೂಸಿಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು.

ಆದ್ದರಿಂದ ಹಳೆಯ ಬಣ್ಣವನ್ನು ಯಂತ್ರದಿಂದ ತೆಗೆಯಲೇಬೇಡಿ. ಪೇಂಟ್ ರಿಮೂವರ್ ಬಳಿದು ಬಣ್ಣ ಮೆತ್ತಗಾದ ಮೇಲೆ ಕೆರೆದು ತೆಗೆಯಿರಿ, ಇಲ್ಲವೇ ನೀರಿನಲ್ಲಿ ನೆನೆಸಿ ಬಳಸುವ ವಾಟರ್ ಪೇಪರ್‌ನಿಂದ ಕೈಯಲ್ಲೇ ಉಜ್ಜಿ. ರಿಮೂವರ್ ಬಳಸುವಾಗ ರಬ್ಬರ್ ಕೈಗವಸು ಇರಲಿ, ಜಾಗ ಗಾಳಿಯಾಡುವಂತಿರಲಿ, ಹತ್ತಿರ ಬೆಂಕಿ ಇರದಿರಲಿ. ಬ್ಲೋಲ್ಯಾಂಪಿನಿಂದ ಸುಡುವ ಪದ್ಧತಿಯನ್ನು ಕೈಬಿಡಿ, ಅದರ ಹೊಗೆಯಲ್ಲೂ ಸೀಸ ಬರುತ್ತದೆ. ಕೆರೆದ ಚಕ್ಕೆಗಳನ್ನು ಒಂದು ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ, ಅಂಗಳದಲ್ಲಿ ಗುಡಿಸಿ ಬಿಡಬೇಡಿ. ಬಣ್ಣವೆಲ್ಲ ಹೋಗಿ ಬರಿಮರ ಕಂಡು, ಅದು ಚೆನ್ನಾಗಿ ಒಣಗಿದ ಮೇಲೆ ಸ್ಯಾಂಡರ್‌ನ ಸರದಿ.

ನಮ್ಮ ಕಡೆಯ ಬಾಗಿಲಿಗೆ ಇನ್ನೊಂದು ವಿಶೇಷವಿದೆ. ವರ್ಷಗಟ್ಟಲೆ ಹೊಸ್ತಿಲಿಗೆ, ಕದದ ಕೆಳಪಟ್ಟಿಗೆ ಹಚ್ಚಿದ ಅರಿಶಿನ, ಕುಂಕುಮ, ಅದರ ಜೊತೆಗೆ ಎಣ್ಣೆಯ ಕೈ. ಈ ಜಿಡ್ಡು ಬೆಲ್ಟಿನ ಕಣಗಳ ನಡುವೆ ಮೆತ್ತಿಕೊಂಡು ಅರ್ಧ ಗಂಟೆಯಲ್ಲಿ ಹೊಸ ಬೆಲ್ಟನ್ನು ನುಣ್ಣಗಾಗಿಸಿಬಿಡುತ್ತದೆ. ಮೆತ್ತಿದ ಬೆಲ್ಟ್ ಕತ್ತರಿಸುವುದಿಲ್ಲ, ಮರವನ್ನು ಸುಡುತ್ತದೆ. ಆಗ ಜನ ಬಲವಾಗಿ ಒತ್ತಲು ಶುರುಮಾಡುತ್ತಾರೆ, ಅವಘಡಕ್ಕೆ ಅದೇ ದಾರಿ. ಅಡುಗೆಮನೆಯ ಬಾಗಿಲಿನ ಎಣ್ಣೆಮಸಿಯದೂ ಇದೇ ಸಮಸ್ಯೆ. ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಂದೆರಡು ದಿನ ಒಣಗಲು ಬಿಡಿ.

ಆಮೇಲೆ ಮೊಳೆ. ಹಳೆಯ ಕದದಲ್ಲಿ ತೋರಣ ಕಟ್ಟಲು ಹೊಡೆದ ಮೊಳೆ, ಮುರಿದು ಒಳಗುಳಿದ ಸ್ಕ್ರೂ, ಬಣ್ಣದಡಿ ಮುಚ್ಚಿಹೋದ ತಗಡಿನ ತುಂಡು ಇದ್ದೇ ಇರುತ್ತವೆ. ಹಳೆಯ ಸ್ಪೀಕರ್‌ನ ಅಯಸ್ಕಾಂತ ಒಂದಿದ್ದರೆ ಅದನ್ನು ಮೇಲಿಂದ ಮೇಲೆ ಆಡಿಸಿ ನೋಡಿ, ಕಬ್ಬಿಣ ಇದ್ದಲ್ಲಿ ಎಳೆತ ಗೊತ್ತಾಗುತ್ತದೆ. ಹಿತ್ತಾಳೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲ, ಅದಕ್ಕೆ ಅಂಗೈ ಆಡಿಸಿ ಕಣ್ಣಿಟ್ಟು ನೋಡಬೇಕು. ಮೊಳೆಯನ್ನು ಕಿತ್ತು ತೆಗೆಯಿರಿ. ಬಾರದಿದ್ದರೆ ಮರದ ಮಟ್ಟಕ್ಕಿಂತ ಒಳಗೆ ಬಡಿದು ಕೂರಿಸಿ. ಮೊಳೆ ಬೆಲ್ಟನ್ನು ಹರಿಯುವುದಷ್ಟೇ ಅಲ್ಲ, ಕಿಡಿ ಹಾರಿಸುತ್ತದೆ. ಆ ಕಿಡಿ ನೇರವಾಗಿ ಹೋಗುವುದು ಒಣ ಧೂಳು ತುಂಬಿದ ಚೀಲದೊಳಗೆ.

ಎರಡನೆಯ ಹೆಜ್ಜೆ: ಮರವನ್ನು ಕದಲದಂತೆ ಕಟ್ಟಿಹಾಕಿ

ಕದವನ್ನು ನೆಲದ ಮೇಲೆ ಹಾಸಿ, ಲುಂಗಿ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕೂತು ಉಜ್ಜುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಕೂತಾಗ ಮೊಣಕಾಲು, ಕಾಲ್ಬೆರಳು ಬೆಲ್ಟಿನ ಸಮಕ್ಕೆ ಇರುತ್ತವೆ, ಯಂತ್ರ ಎಳೆದಾಗ ಸಾವರಿಸಿಕೊಳ್ಳಲು ಕಾಲಿಗೆ ಬಲವಿರುವುದಿಲ್ಲ, ಧೂಳು ನೇರ ಮುಖಕ್ಕೆ ಬರುತ್ತದೆ. ಸೊಂಟದ ಎತ್ತರಕ್ಕೆ ಬರುವ ಎರಡು ಗಟ್ಟಿ ಬೆಂಚು ಇಲ್ಲವೇ ಮೇಜು ಹುಡುಕಿ.

ಮೇಜಿಗೆ ಕದವನ್ನು ಕನಿಷ್ಠ ಎರಡು ಸಿ ಕ್ಲಾಂಪ್‌ಗಳಿಂದ ಬಿಗಿಯಿರಿ. ಯಂತ್ರ ಕ್ಲಾಂಪಿಗೆ ಬಡಿಯದ ಹಾಗೆ ಒಂದು ಬದಿಯನ್ನು ಉಜ್ಜಿ ಮುಗಿಸಿ, ಕ್ಲಾಂಪನ್ನು ಆ ಬದಿಗೆ ಸರಿಸಿ ಇನ್ನೊಂದನ್ನು ಉಜ್ಜಿ. ಇದರ ಜೊತೆಗೆ ಅಡ್ಡಗಟ್ಟೆಯಾಗಿ ಒಂದು ರಿಪೀಸನ್ನು ಮೇಜಿಗೆ ಮೊಳೆ ಹೊಡೆದು ನಿಲ್ಲಿಸುವುದು ಒಳ್ಳೆಯದು. ಇದನ್ನು ಯಂತ್ರ ಓಡುವ ದಿಕ್ಕಿನಲ್ಲಿ, ಅಂದರೆ ಎದುರು ತುದಿಗೆ ಹೊಡೆಯುವವರೇ ಹೆಚ್ಚು. ಆದರೆ ಹಲಗೆ ಜಾರುವುದು ನಿಮ್ಮ ಕಡೆಗೆ ಎಂದು ಮೇಲೆ ಹೇಳಿದೆನಲ್ಲ, ಆದ್ದರಿಂದ ಅಡ್ಡಗಟ್ಟೆ ಇರಬೇಕಾದದ್ದು ನೀವು ನಿಂತ ತುದಿಯಲ್ಲಿ. ರಿಪೀಸು ಹಲಗೆಗಿಂತ ತೆಳುವಾಗಿರಲಿ, ಇಲ್ಲದಿದ್ದರೆ ಬೆಲ್ಟ್ ಅದಕ್ಕೆ ಬಡಿಯುತ್ತದೆ.

ಯಂತ್ರದ ತಳಕ್ಕಿಂತ ಚಿಕ್ಕದಾದ ತುಂಡನ್ನು ಬೆಲ್ಟ್ ಸ್ಯಾಂಡರ್‌ನಿಂದ ಉಜ್ಜುವ ಗೋಜಿಗೆ ಹೋಗಬೇಡಿ. ಒಂದು ಕೈಯಲ್ಲಿ ತುಂಡು, ಇನ್ನೊಂದು ಕೈಯಲ್ಲಿ ಯಂತ್ರ ಎಂಬುದಂತೂ ಕೂಡದು.

ಮೂರನೆಯ ಹೆಜ್ಜೆ: ಮೈಮೇಲೆ ಏನಿರಬೇಕು, ಏನಿರಬಾರದು

ಹೆಗಲ ಮೇಲಿನ ಟವೆಲ್ ಕೆಳಗಿಡಿ. ತುಂಬು ತೋಳಿನ ಅಂಗಿಯಾದರೆ ಗುಂಡಿ ಹಾಕಿ ಇಲ್ಲವೇ ಮೊಣಕೈ ಮೇಲಕ್ಕೆ ಬಿಗಿಯಾಗಿ ಮಡಿಸಿ. ಲುಂಗಿ, ಪಂಚೆ ಬೇಡ, ಪ್ಯಾಂಟ್ ಇರಲಿ. ಕೊರಳಲ್ಲಿ ಶಿವದಾರ, ಕರಡಿಗೆ ಧರಿಸುವವರು ನಮ್ಮ ಜಿಲ್ಲೆಗಳಲ್ಲಿ ಬಹಳ. ಬಗ್ಗಿ ಉಜ್ಜುವಾಗ ಅದು ಜೋತುಬಿದ್ದು ಉರುಳೆಗೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು. ಬನಿಯನ್ನಿನ ಒಳಗೆ ಸೇರಿಸಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಿ. ಮಣಿಕಟ್ಟಿನ ದೇವರ ದಾರ, ಕಡಗ, ಗಡಿಯಾರಕ್ಕೂ ಇದೇ ಮಾತು. ಹೆಣ್ಣುಮಕ್ಕಳು ಈ ಕೆಲಸ ಮಾಡುವಾಗ ಸೆರಗು, ದುಪಟ್ಟಾ ಬಿಗಿದು, ಜಡೆಯನ್ನು ಗಂಟು ಹಾಕಿ ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ. ಸಡಿಲವಾದ ಹತ್ತಿಯ ಕೈಗವಸು ಹಾಕುವುದಕ್ಕಿಂತ ಬರಿಗೈಯೇ ವಾಸಿ. ಗವಸಿನ ತುದಿ ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕಾಲಿಗೆ ಹವಾಯಿ ಚಪ್ಪಲಿ ಸಾಲದು, ಬೆರಳು ಮುಚ್ಚುವ ಬೂಟು ಬೇಕು.

ಕಣ್ಣಿಗೆ ಪಕ್ಕವೂ ಮುಚ್ಚಿರುವ ಕನ್ನಡಕ. ಓದುವ ಕನ್ನಡಕ ಅದರ ಬದಲಿಗೆ ಆಗದು. ಕಿವಿಗೆ ಫೋಮ್ ಪ್ಲಗ್ ಇಲ್ಲವೇ ಇಯರ್‌ಮಫ್. ದಿನವಿಡೀ ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬೆಲ್ ಎನ್ನುತ್ತಾರೆ, ಈ ಯಂತ್ರ ಸಲೀಸಾಗಿ ಅದನ್ನು ಮೀರುತ್ತದೆ.

ಉಸಿರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮರದ ಧೂಳು ಹೊಲದ ಮಣ್ಣಿನ ಧೂಳಿನಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ 1995ರಲ್ಲೇ ಸೇರಿಸಿತು. ಮೂಗಿನ ಒಳಭಾಗದ ಕ್ಯಾನ್ಸರ್ ಅದರಲ್ಲಿ ಮುಖ್ಯ. ಅದು ಒಂದು ದಿನದ ಕೆಲಸಕ್ಕೆ ಬರುವ ರೋಗವಲ್ಲ, ಹೌದು. ಆದರೆ ಸಾಗುವಾನಿ ಮತ್ತು ಬೀಟೆಯ ಧೂಳು ಕೆಲವರಿಗೆ ಅಂದೇ ಮೈ ತುರಿಕೆ, ಸೀನು, ಉಬ್ಬಸ ತರುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ ಆಸ್ಪತ್ರೆಯ ನೀಲಿ ಮಾಸ್ಕ್ ಆಗಲಿ ಈ ನುಣುಪು ಧೂಳನ್ನು ತಡೆಯುವುದಿಲ್ಲ. ಎನ್‌95 ಅಥವಾ ಎಫ್‌ಎಫ್‌ಪಿ2 ಎಂದು ಬರೆದ, ಐಎಸ್ 9473 ಗುರುತಿರುವ ಮಾಸ್ಕ್ ಕೊಳ್ಳಿ. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಿ. ಉಸಿರು ಬಿಟ್ಟಾಗ ಕನ್ನಡಕ ಮಸುಕಾದರೆ ಮೇಲಿಂದ ಗಾಳಿ ಸೋರುತ್ತಿದೆ ಎಂದರ್ಥ, ಮತ್ತೆ ಸರಿಮಾಡಿಕೊಳ್ಳಿ. ಸಹಾಯಕ್ಕೆ ನಿಂತ ಹುಡುಗನಿಗೂ ಒಂದು ಮಾಸ್ಕ್ ಕೊಡಿ. ಕೂಲಿಗೆ ಬಂದವನ ಶ್ವಾಸಕೋಶ ಮಾಲೀಕನದಕ್ಕಿಂತ ಅಗ್ಗವಲ್ಲ.

ನಾಲ್ಕನೆಯ ಹೆಜ್ಜೆ: ಕರೆಂಟು

ಪ್ಲಗ್ ಇಲ್ಲದ ವೈರಿನ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಅದು ಜೀವದ ಜೊತೆ ಆಟ. ಸರಿಯಾದ ಪ್ಲಗ್ ಇರಲಿ. ಯಂತ್ರದ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ, ಅರ್ಥ್ ತಂತಿ ಬೇಕಿಲ್ಲ. ಆ ಗುರುತಿಲ್ಲದಿದ್ದರೆ ಮೂರು ಪಿನ್ನಿನ ಪ್ಲಗ್ ಮತ್ತು ಅರ್ಥ್ ಆಗಿರುವ ಸಾಕೆಟ್ ಕಡ್ಡಾಯ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನಾಗಿ ಕಡಿದುಹಾಕುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ ಕೆಲಸ ಮಾಡುತ್ತದೆಯೇ ನೋಡಿ. ಇಲ್ಲದ ಹಳೆಯ ಮನೆಯಾದರೆ ಈ ನೆಪದಲ್ಲಾದರೂ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ.

ಎಕ್ಸ್‌ಟೆನ್ಷನ್ ವೈರ್ 1.5 ಚದರ ಮಿ.ಮೀ. ದಪ್ಪದ್ದಿರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಸುರುಳಿ ಬಿಸಿಯಾಗಿ ಕರಗುತ್ತದೆ. ಯಂತ್ರದ ವೈರನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಹಾಕಿಕೊಳ್ಳಿ, ಆಗ ಅದು ಬೆಲ್ಟಿನ ದಾರಿಗೆ ಬರುವುದಿಲ್ಲ.

ಈಗ ಬಹಳ ಮುಖ್ಯವಾದ ಮಾತು. ಟ್ರಿಗರ್ ಒತ್ತಿ ಹಿಡಿದು ಕೈ ನೋಯದಿರಲಿ ಎಂದು ಬಹುತೇಕ ಯಂತ್ರಗಳಲ್ಲಿ ಪಕ್ಕದಲ್ಲೊಂದು ಲಾಕ್ ಗುಂಡಿ ಇರುತ್ತದೆ. ಲಾಕ್ ಹಾಕಿ ಉಜ್ಜುತ್ತಿರುವಾಗ ಕರೆಂಟು ಹೋಯಿತು ಎಂದುಕೊಳ್ಳಿ. ಯಂತ್ರವನ್ನು ಕದದ ಮೇಲೆ ಹಾಗೆಯೇ ಬಿಟ್ಟು ನೀವು ಚಹಾ ಕುಡಿಯಲು ಹೋಗುತ್ತೀರಿ. ಕರೆಂಟು ಬಂದ ಕ್ಷಣ, ಹಿಡಿಯುವವರಿಲ್ಲದ ಯಂತ್ರ ಮೇಜಿನಿಂದ ಹಾರಿ ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ. ಅಂಗಳದಲ್ಲಿ ಆಡುವ ಮಗು ಅಲ್ಲಿರಬಹುದು. ಕರೆಂಟು ಹೋದೊಡನೆ ಮೊದಲು ಟ್ರಿಗರ್ ಒತ್ತಿ ಲಾಕ್ ಬಿಡಿಸಿ, ಆಮೇಲೆ ಪ್ಲಗ್ ಕೀಳಿ. ಹೊಸಬರಿಗೆ ನನ್ನ ಸಲಹೆ ಇನ್ನೂ ಸರಳ: ಲಾಕ್ ಗುಂಡಿ ಬಳಸಲೇಬೇಡಿ. ಕೈ ನೋಯುತ್ತಿದೆ ಎಂದರೆ ವಿಶ್ರಾಂತಿಯ ಹೊತ್ತಾಗಿದೆ. ಪ್ಲಗ್ ಹಾಕುವ ಮುನ್ನ ಪ್ರತಿ ಸಲವೂ ಟ್ರಿಗರ್ ಸಡಿಲವಾಗಿದೆಯೇ ಎಂದು ಒತ್ತಿ ಬಿಟ್ಟು ನೋಡಿ.

ಐದನೆಯ ಹೆಜ್ಜೆ: ಬೆಲ್ಟ್ ಹಾಕುವುದು

ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದ್ದರೆ ಸಾಲದು, ಪ್ಲಗ್ ನಿಮ್ಮ ಕಣ್ಣಿಗೆ ಕಾಣುವ ಹಾಗೆ ನೆಲದ ಮೇಲಿರಬೇಕು.

ಪಕ್ಕದ ಸನ್ನೆಯನ್ನು ಹೊರಕ್ಕೆ ಎಳೆದರೆ ಮುಂದಿನ ಉರುಳೆ ಹಿಂದೆ ಸರಿದು ಬೆಲ್ಟ್ ಸಡಿಲಾಗುತ್ತದೆ. ಹಳೆಯದನ್ನು ಜಾರಿಸಿ ತೆಗೆದು, ಉರುಳೆಯ ಸುತ್ತ ಸೇರಿದ ಧೂಳನ್ನು ಬ್ರಷ್ಷಿನಿಂದ ಕೆಡವಿ. ಹೊಸ ಬೆಲ್ಟಿನ ಒಳಮೈಯಲ್ಲಿ ಬಾಣದ ಗುರುತಿರುತ್ತದೆ, ಯಂತ್ರದ ಮೈಮೇಲೂ ಒಂದಿದೆ. ಎರಡೂ ಒಂದೇ ದಿಕ್ಕಿಗೆ ಇರಬೇಕು. ತಿರುಗುಮುರುಗಾದರೆ ಬೆಲ್ಟಿನ ಜೋಡಣೆ ಎದ್ದು ಕಿತ್ತುಹೋಗುತ್ತದೆ. ಬಾಣವೇ ಇಲ್ಲದ ಬೆಲ್ಟನ್ನು ಯಾವ ಕಡೆಗಾದರೂ ಹಾಕಬಹುದು. ಬಹುಕಾಲ ಇಟ್ಟ ಬೆಲ್ಟಾದರೆ ಜೋಡಣೆಯನ್ನು ಬೆರಳಿನಿಂದ ಬಾಗಿಸಿ ನೋಡಿ. ಅಂಟು ಒಣಗಿ ಬಿರುಕು ಬಿಟ್ಟಿದ್ದರೆ, ಅಂಚು ಹರಿದಿದ್ದರೆ ಕಸಕ್ಕೆ ಹಾಕಿ.

ಸನ್ನೆ ಮುಚ್ಚಿ, ಬೆಲ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಆಮೇಲೆ ಪ್ಲಗ್ ಹಾಕಿ, ಯಂತ್ರವನ್ನು ಮಗುಚಿ ಹಿಡಿಯನ್ನು ಭದ್ರವಾಗಿ ಹಿಡಿದು, ಟ್ರಿಗರನ್ನು ಒಂದು ಕ್ಷಣ ಒತ್ತಿ ಬಿಡಿ. ಬೆಲ್ಟ್ ಯಾವ ಕಡೆಗೆ ಸರಿಯುತ್ತಿದೆ ಎಂದು ಕಾಣುತ್ತದೆ. ಒಳಕ್ಕೆ ಸರಿದರೆ ಯಂತ್ರದ ಮೈಯನ್ನೇ ಕೊರೆಯುತ್ತದೆ, ಹೊರಕ್ಕೆ ಸರಿದರೆ ಕಳಚಿ ಬೀಳುತ್ತದೆ. ಮುಂದಿನ ಉರುಳೆಯ ಬಳಿಯ ತಿರುಪನ್ನು ಚೂರು ಚೂರೇ ತಿರುಗಿಸಿ, ಬೆಲ್ಟಿನ ಅಂಚು ತಗಡಿನ ಹೊರ ಅಂಚಿಗೆ ಸಮವಾಗಿ ನಿಲ್ಲುವಂತೆ ಮಾಡಿ. ಕೆಲಸದ ನಡುವೆ ಯಂತ್ರ ಬಿಸಿಯಾದಾಗ ಅದು ಮತ್ತೆ ಸ್ವಲ್ಪ ಸರಿಯಬಹುದು, ಆಗಾಗ ಕಣ್ಣಾಡಿಸಿ.

ಯಾವ ಬೆಲ್ಟ್? ಸಂಖ್ಯೆ ಚಿಕ್ಕದಾದಷ್ಟೂ ಒರಟು. ಡೊಂಕು ಬಿದ್ದ, ಗೆರೆ ಬಿದ್ದ ಮರಕ್ಕೆ 60, ಆಮೇಲೆ 80, ಕೊನೆಗೆ 120. 40ನೇ ನಂಬರು ಹೊಸ ಕೈಗೆ ಬೇಡ, ಕಣ್ಣು ಮಿಟುಕಿಸುವಷ್ಟರಲ್ಲಿ ಗುಂಡಿ ಬೀಳುತ್ತದೆ. 60ರಿಂದ ನೇರ 120ಕ್ಕೆ ಜಿಗಿದರೆ ಒರಟು ಗೆರೆಗಳು ಉಳಿದು, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತವೆ.

ಆರನೆಯ ಹೆಜ್ಜೆ: ಉಜ್ಜುವುದು

ಬಾಗಿಲಿಗೆ ಕೈ ಹಾಕುವ ಮೊದಲು ಬೇಡದ ಹಲಗೆಯೊಂದನ್ನು ಬಿಗಿದು, 80ನೇ ನಂಬರಿನ ಬೆಲ್ಟಿನಲ್ಲಿ ಅಭ್ಯಾಸ ಮಾಡಿ. ನಮ್ಮ ಕಡೆ ಸುಲಭವಾಗಿ ಸಿಗುವ ಬೇವಿನ ತುಂಡಾದರೂ ಆದೀತು. ಎಳೆತದ ರುಚಿ ಕೈಗೆ ಹತ್ತುವ ತನಕ ಅಭ್ಯಾಸ ಬಿಡಬೇಡಿ.

ಕಾಲುಗಳನ್ನು ಅಗಲಿಸಿ, ಒಂದು ಕಾಲು ಮುಂದಿಟ್ಟು ನಿಲ್ಲಿ. ಹಿಂದಿನ ಹಿಡಿಯಲ್ಲಿ ಒಂದು ಕೈ, ಮುಂದಿನ ಗುಬಟೆಯ ಮೇಲೆ ಇನ್ನೊಂದು. ಯಂತ್ರವನ್ನು ಮರದಿಂದ ಮೇಲೆ ಎತ್ತಿಹಿಡಿದೇ ಚಾಲೂ ಮಾಡಿ. ಬೆಲ್ಟ್ ಪೂರ್ಣ ವೇಗಕ್ಕೆ ಬಂದ ಮೇಲೆ ನಿಧಾನವಾಗಿ ಇಳಿಸಿ, ಹಿಂಭಾಗ ಮೊದಲು ತಾಗಿ ಒಡನೆಯೇ ಮುಂಭಾಗವೂ ಕೂರಬೇಕು. ತಾಗಿದ ಕ್ಷಣದಿಂದಲೇ ಅದು ಚಲಿಸುತ್ತಿರಬೇಕು. ನಿಂತಲ್ಲೇ ನಿಂತರೆ ಬಟ್ಟಲಿನಂಥ ಗುಂಡಿ ಬೀಳುತ್ತದೆ, ಅದನ್ನು ಮಟ್ಟ ಮಾಡಲು ಇಡೀ ಕದವನ್ನೇ ತೆಳುಮಾಡಬೇಕಾದೀತು.

ಒತ್ತಬೇಡಿ. ಯಂತ್ರದ ಸ್ವಂತ ತೂಕವೇ ಸಾಕು. ಒತ್ತಿದರೆ ಮೋಟಾರು ನರಳುತ್ತದೆ, ಬೆಲ್ಟ್ ಬಿಸಿಯಾಗಿ ಜೋಡಣೆ ಬಿಡುತ್ತದೆ, ಎಳೆತ ಒಮ್ಮೆಲೇ ಹೆಚ್ಚಿ ಕೈ ತಪ್ಪುತ್ತದೆ. ಸಂಜೆಯ ಹೊತ್ತು ಹಳ್ಳಿಯ ಕಡೆ ವೋಲ್ಟೇಜ್ ಇಳಿದು ಯಂತ್ರದ ಸದ್ದು ಮಂಕಾದರೆ ಒತ್ತಿ ಸರಿದೂಗಿಸಲು ಹೋಗದೆ ನಿಲ್ಲಿಸಿಬಿಡಿ.

ಉಜ್ಜುವುದು ಮರದ ಎಳೆಯ ಉದ್ದಕ್ಕೆ. ತುಂಬ ಡೊಂಕಿದ್ದರೆ ಮೊದಲ ಬೆಲ್ಟಿನಲ್ಲಿ ಮಾತ್ರ ಸ್ವಲ್ಪ ಓರೆಯಾಗಿ ಎಳೆಯಬಹುದು. ಹಳೆಯ ಕದದಲ್ಲಿ ನಿಲುಪಟ್ಟಿ, ಅಡ್ಡಪಟ್ಟಿ ಸೇರುವ ಮೂಲೆಯಲ್ಲಿ ಎಳೆಗಳು ಒಂದಕ್ಕೊಂದು ಅಡ್ಡ ಇರುತ್ತವೆ. ಅಲ್ಲಿ ಒಂದು ಕ್ರಮವಿದೆ. ಮೊದಲು ಅಡ್ಡಪಟ್ಟಿಗಳನ್ನು ಉಜ್ಜಿ, ಬೆಲ್ಟ್ ನಿಲುಪಟ್ಟಿಯ ಮೇಲೆ ಸ್ವಲ್ಪ ಹಾದು ಗೆರೆ ಬಿದ್ದರೂ ಚಿಂತೆಯಿಲ್ಲ. ಆಮೇಲೆ ನಿಲುಪಟ್ಟಿಯನ್ನು ಅದರ ಉದ್ದಕ್ಕೆ, ಸಂದಿಯ ಗೆರೆಯ ಪಕ್ಕಕ್ಕೆ ಸರಿಯಾಗಿ ಎಳೆದರೆ ಆ ಅಡ್ಡಗೆರೆಗಳೆಲ್ಲ ಅಳಿದುಹೋಗುತ್ತವೆ. ಉಲ್ಟಾ ಮಾಡಿದರೆ ಗೆರೆ ಶಾಶ್ವತ.

ಎಷ್ಟು ಉಜ್ಜಿದೆ ಎಂದು ತಿಳಿಯಲು ಪೆನ್ಸಿಲಿನಿಂದ ಮರದ ಮೇಲೆ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಗೆರೆ ಅಳಿದ ಜಾಗ ಬೆಲ್ಟಿಗೆ ತಾಗಿದೆ, ಉಳಿದ ಜಾಗ ತಗ್ಗಿನಲ್ಲಿದೆ. ಎಲ್ಲ ಗೆರೆ ಅಳಿದರೆ ಆ ಬೆಲ್ಟಿನ ಕೆಲಸ ಮುಗಿಯಿತು, ಮುಂದಿನ ನಂಬರಿಗೆ ಹೋಗಿ. ಮೊಬೈಲಿನ ಬೆಳಕನ್ನು ಪಕ್ಕದಿಂದ, ಮರಕ್ಕೆ ತಾಗಿಸಿದಂತೆ ಬಿಟ್ಟು ನೋಡಿದರೆ ಹಗಲಿನಲ್ಲಿ ಕಾಣದ ಉಬ್ಬುತಗ್ಗು ನೆರಳಾಗಿ ಕಾಣುತ್ತದೆ.

ತುದಿಗೆ ಬಂದಾಗ ಎಚ್ಚರ. ಯಂತ್ರದ ತಳದ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗೆ ಹೋದರೆ ಅದು ವಾಲಿ ಅಂಚನ್ನು ದುಂಡಗೆ ಮಾಡುತ್ತದೆ. ಕೆಲವೊಮ್ಮೆ ಪೂರ್ತಿ ಜಾರಿ ಕೆಳಗೆ ಬೀಳುತ್ತದೆ. ಕದದಷ್ಟೇ ದಪ್ಪದ ತುಂಡೊಂದನ್ನು ತುದಿಗೆ ಸೇರಿಸಿ ಬಿಗಿದರೆ ಈ ತೊಂದರೆಯೇ ಇಲ್ಲ.

ನಿಲ್ಲಿಸುವಾಗ ಮೊದಲು ಯಂತ್ರವನ್ನು ನೇರ ಮೇಲೆತ್ತಿ, ಆಮೇಲೆ ಟ್ರಿಗರ್ ಬಿಡಿ. ಟ್ರಿಗರ್ ಬಿಟ್ಟ ಮೇಲೂ ಬೆಲ್ಟ್ ಕೆಲವು ಸೆಕೆಂಡು ಓಡುತ್ತಲೇ ಇರುತ್ತದೆ. ಆ ಕೆಲವು ಸೆಕೆಂಡಿನಲ್ಲಿ ಕೆಳಗಿಟ್ಟ ಯಂತ್ರವೇ ತಾನಾಗಿ ಓಡಿ ಕಾಲಿನ ಮೇಲೆ ಬೀಳುವುದು. ಬೆಲ್ಟ್ ಪೂರ್ತಿ ನಿಂತ ಮೇಲೆ ಮಗ್ಗುಲಾಗಿ ಮಲಗಿಸಿ.

ಕೆಲಸದ ನಡುವೆ ಯಾರಾದರೂ ಹಿಂದಿನಿಂದ ಬಂದು ಹೆಗಲು ಮುಟ್ಟಬಾರದು. ಕಿವಿ ಮುಚ್ಚಿರುವುದರಿಂದ ಬೆಚ್ಚಿಬೀಳುವುದು ಸಹಜ. ಮನೆಯವರಿಗೆ ಮೊದಲೇ ಹೇಳಿರಿ: ಮಾತಾಡಬೇಕಾದರೆ ಎದುರಿಗೆ ಬಂದು, ದೂರದಲ್ಲೇ ನಿಂತು ಕೈ ಬೀಸಲಿ.

ಧೂಳನ್ನು ಏನು ಮಾಡಬೇಕು

ಸಾಧ್ಯವಾದರೆ ಅಂಗಳದಲ್ಲಿ ಇಲ್ಲವೇ ತಾರಸಿಯ ನೆರಳಿನಲ್ಲಿ ಕೆಲಸ ಮಾಡಿ. ಗಾಳಿಯಂತ್ರಗಳು ಸಾಲಾಗಿ ನಿಂತ ಚಿತ್ರದುರ್ಗದ ಗುಡ್ಡಗಳ ನಾಡಿನಲ್ಲಿ ಗಾಳಿಗೆ ಬರವಿಲ್ಲ. ಗಾಳಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಬೀಸುವಂತೆ ನಿಂತರೆ ಧೂಳು ಮುಖದಿಂದ ದೂರ ಹೋಗುತ್ತದೆ. ಆಷಾಢದ ಬಿರುಗಾಳಿಯಲ್ಲಿ ಬೇಡ, ನೆರೆಮನೆಯವರ ಒಣಹಾಕಿದ ಬಟ್ಟೆಗೂ ಹಪ್ಪಳಕ್ಕೂ ಅದು ಹೋಗಿ ಕೂರುತ್ತದೆ. ಒಳಗೇ ಮಾಡಬೇಕಾಗಿ ಬಂದರೆ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ.

ಯಂತ್ರದ ಚೀಲ ಅರ್ಧ ತುಂಬುತ್ತಲೇ ಖಾಲಿ ಮಾಡಿ. ಆ ಧೂಳನ್ನು ಬಚ್ಚಲ ಹಂಡೆಯ ಒಲೆಗೆ ಎರಚಬೇಡಿ. ಸಾಮಿಲ್‌ನ ದಪ್ಪ ಹೊಟ್ಟು ನಿಧಾನ ಉರಿಯುತ್ತದೆ, ನಿಜ. ಸ್ಯಾಂಡರ್‌ನ ಹಿಟ್ಟಿನಂಥ ಧೂಳು ಗಾಳಿಯಲ್ಲಿ ತೇಲಿದಾಗ ಭಗ್ಗನೆ ಹೊತ್ತಿ ಮುಖಕ್ಕೇ ಬರುತ್ತದೆ. ವಾರ್ನಿಷ್ ಬೆರೆತ ಧೂಳಂತೂ ಒಲೆಗೆ ಸಲ್ಲದ್ದು. ರಾತ್ರಿ ಚೀಲವನ್ನು ತುಂಬಿಸಿಟ್ಟು ಮಲಗಬೇಡಿ, ಒಳಗೆ ಕಿಡಿ ಸೇರಿದ್ದರೆ ಗಂಟೆಗಳ ಮೇಲೆ ಹೊತ್ತಿಕೊಳ್ಳಬಹುದು. ಖಾಲಿ ಮಾಡಿದ ಧೂಳಿಗೆ ನೀರು ಚಿಮುಕಿಸಿ ಮುಚ್ಚಳವಿರುವ ಡಬ್ಬಿಗೆ ಹಾಕಿ ಹೊರಗಿಡಿ. ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ, ಸ್ನಾನ ಮುಗಿಸಿ ಬನ್ನಿ.

ಗಾಯವಾದರೆ

ಬೆಲ್ಟ್ ತಾಗಿದ ಗಾಯ ಕೊಯ್ದ ಗಾಯದಂತಲ್ಲ, ತರಚಿಯೂ ಇರುತ್ತದೆ, ಸುಟ್ಟೂ ಇರುತ್ತದೆ, ಒಳಗೆ ಮರಳಿನಂಥ ಕಣ ಮತ್ತು ಮರದ ಧೂಳು ಸೇರಿರುತ್ತದೆ. ಕಾಫಿಪುಡಿ, ಸುಣ್ಣ, ಅರಿಶಿನ ಮೆತ್ತಬೇಡಿ. ಹರಿಯುವ ಶುದ್ಧ ನೀರಿನಲ್ಲಿ ಸಾಕಷ್ಟು ಹೊತ್ತು ತೊಳೆದು, ಶುಭ್ರ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಕಣ್ಣಿಗೆ ಧೂಳು ಬಿದ್ದರೆ ಉಜ್ಜದೆ ನೀರಿನಿಂದ ತೊಳೆಯಿರಿ, ಚುಚ್ಚುವುದು ನಿಲ್ಲದಿದ್ದರೆ ಕಣ್ಣಿನ ವೈದ್ಯರ ಬಳಿಗೆ ಹೋಗಿ. ರಕ್ತ ನಿಲ್ಲದಿದ್ದರೆ, ಶಾಕ್ ಹೊಡೆದಿದ್ದರೆ 108ಕ್ಕೆ ಕರೆ ಮಾಡಿ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಬೇಕು.

ಎತ್ತಿಡುವುದು

ಜಿಡ್ಡು ಮೆತ್ತಿದ ಬೆಲ್ಟನ್ನು ಕ್ರೇಪ್ ರಬ್ಬರಿನ ಕಡ್ಡಿಯಿಂದ ಶುಚಿಮಾಡಬಹುದು. ಕಡ್ಡಿಯನ್ನು ಕೈಯಲ್ಲಿ ಹಿಡಿಯದೆ ಮೇಜಿಗೆ ಬಿಗಿದು, ಅದರ ಮೇಲೆ ಓಡುವ ಯಂತ್ರವನ್ನು ಹಗುರವಾಗಿ ಆಡಿಸಿ. ಬೆಲ್ಟುಗಳನ್ನು ಮೊಳೆಗೆ ತೂಗುಹಾಕಿದರೆ ಅಲ್ಲಿ ಮಡಿಕೆ ಬಿದ್ದು ಮುಂದೆ ಅಲ್ಲೇ ಹರಿಯುತ್ತವೆ, ದಪ್ಪನೆಯ ಪಿವಿಸಿ ಪೈಪಿನ ತುಂಡಿಗೆ ಹಾಕಿ ಬಿಸಿಲು, ತೇವ ಎರಡೂ ಇಲ್ಲದ ಕಡೆ ಇಡಿ. ತಗಡಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಇಟ್ಟರೆ ಜೋಡಣೆಯ ಅಂಟು ಕೆಡುತ್ತದೆ. ಯಂತ್ರದ ಗಾಳಿಕಿಂಡಿಗಳ ಧೂಳನ್ನು ಬ್ರಷ್ಷಿನಿಂದ ತೆಗೆದು, ವೈರಿನ ಉದ್ದಕ್ಕೂ ಬೆರಳಾಡಿಸಿ 'ಗಾಯ'ವಿದೆಯೇ ನೋಡಿ. ಒಳಗೆ ಕಿಡಿ ಹೆಚ್ಚಾಗಿ ಕಾಣುತ್ತಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು, ರಿಪೇರಿಯವರಿಗೆ ತೋರಿಸಿ. ಕೊನೆಗೆ ಸನ್ನೆ ಸಡಿಲಿಸಿ ಬೆಲ್ಟನ್ನು ಕಳಚಿ, ಯಂತ್ರವನ್ನು ಮಕ್ಕಳ ಕೈಗೆಟುಕದ ಅಟ್ಟದ ಮೇಲೋ ಬೀಗ ಹಾಕುವ ಕಪಾಟಿನಲ್ಲೋ ಇಡಿ. ಬಾಡಿಗೆಗೆ ತಂದದ್ದಾದರೆ ಲಾಕ್ ಗುಂಡಿ ಸಡಿಲವಿದ್ದದ್ದು, ವೈರ್ ಹರಿದದ್ದು ಏನೇ ಕಂಡಿದ್ದರೂ ಹಿಂದಿರುಗಿಸುವಾಗ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ, ಮುಂದೆ ಅದನ್ನು ಒಯ್ಯುವವರಿಗೆ ಅದು ಗೊತ್ತಿರಬೇಕು.